ಹಳೇ ರೇಸ್ ಕಾರಿನ ಗೇರ್ ಬಾಕ್ಸ್: ಹುಡುಕುವುದು, ಗುರುತು ಹಿಡಿಯುವುದು, ದಾಖಲೆ ಮಾಡುವುದು

ಹಳೇ ರೇಸ್ ಕಾರು ಎಲ್ಲಾದರೂ ಸಿಕ್ಕಿತು ಅಂದರೆ ಜನ ಮೊದಲು ಬಾನೆಟ್ ಎತ್ತುತ್ತಾರೆ. ಎಂಜಿನ್ ನಂಬರ್ ಬರೆದುಕೊಳ್ಳುತ್ತಾರೆ, ಬಾಡಿ ತಟ್ಟಿ ನೋಡುತ್ತಾರೆ, ನಾಲ್ಕು ಫೋಟೊ ತೆಗೆಯುತ್ತಾರೆ. ಗಾಡಿ ಕೆಳಗೆ ಮಲಗಿ ಗೇರ್ ಬಾಕ್ಸ್ ನೋಡುವವರು ತುಂಬಾ ಕಡಿಮೆ. ಆದರೆ ರೇಸಿನಲ್ಲಿ ಜಾಸ್ತಿ ಪೆಟ್ಟು ತಿನ್ನುತ್ತಿದ್ದ ಭಾಗಗಳಲ್ಲಿ ಅದೂ ಒಂದು. ಗೇರಿನ ಹಲ್ಲು ಮುರಿಯುತ್ತಿತ್ತು, ಕೇಸ್ (ಹೊರಗಿನ ಲೋಹದ ಕವಚ) ಬಿರುಕು ಬಿಡುತ್ತಿತ್ತು, ರೇಸಿನ ಹಿಂದಿನ ರಾತ್ರಿ ಕೈಗೆ ಸಿಕ್ಕ ಇನ್ನೊಂದನ್ನು ಕೂರಿಸುತ್ತಿದ್ದರು. ಹಾಗಾಗಿ ಕಾರಿನ ಜೊತೆ ಹುಟ್ಟಿದ ಗೇರ್ ಬಾಕ್ಸ್ ಇನ್ನೂ ಅದೇ ಕಾರಿನಲ್ಲಿ ಉಳಿದಿದ್ದರೆ ಅದು ನಿಜಕ್ಕೂ ಅಪರೂಪ.

ಹೊಸೂರು ಸೀಮೆಯವರಿಗೆ ಈ ಕೆಲಸ ಹೇಳಿ ಮಾಡಿಸಿದಂತಿದೆ. ಮದ್ರಾಸಿನ ಹತ್ತಿರದ ಶೋಳಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನದ ಓಡುದಾರಿಯ ಮೇಲೆ, ದಶಕಗಳ ಕಾಲ ರೇಸ್ ನಡೆಯಿತು. ಬೆಂಗಳೂರಿನಿಂದ ಅಲ್ಲಿಗೆ ಹೋಗುವ ಒಂದು ದಾರಿ ಹೊಸೂರು, ಕೃಷ್ಣಗಿರಿ ಮೇಲೇ ಹಾದುಹೋಗುತ್ತದೆ. ಆಮೇಲೆ ಹೊಸೂರಿಗೆ ಸಿಪ್ಕಾಟ್ ಅನ್ನುವ ಸರ್ಕಾರಿ ಕೈಗಾರಿಕಾ ಪ್ರದೇಶ ಬಂತು, ಗೇರ್ ಕಡಿಯುವ, ಹಲ್ಲು ಅಳೆಯುವ, ಉಕ್ಕಿನ ಗಡಸು ಪರೀಕ್ಷಿಸುವ ವರ್ಕ್‌ಶಾಪ್‌ಗಳು ಬೀದಿಗೊಂದರಂತೆ ಬಂದವು. ಬಾಗಲೂರು, ತಳಿ, ಡೆಂಕಣಿಕೋಟೆ ಕಡೆಯ ನಮ್ಮ ಹುಡುಗರಲ್ಲಿ ಎಷ್ಟೋ ಜನ ಇದೇ ಕೆಲಸದಲ್ಲಿದ್ದಾರೆ. ಕೈಯಲ್ಲಿ ವಿದ್ಯೆ ಇದೆ, ಪಕ್ಕದಲ್ಲೇ ಯಂತ್ರ ಇದೆ. ಯಾವ ಕ್ರಮದಲ್ಲಿ ನೋಡಬೇಕು, ಏನನ್ನು ಬರೆದಿಡಬೇಕು ಅನ್ನುವುದು ಗೊತ್ತಿದ್ದರೆ ಸಾಕು.

ಮೊದಲು ‘ಒರಿಜಿನಲ್’ ಅಂದರೆ ಏನು ಅಂತ ತೀರ್ಮಾನಿಸಿ

ಮಾರುವವರು ಈ ಮಾತನ್ನು ಬೇಕಾದ ಹಾಗೆ ಬಳಸುತ್ತಾರೆ. ನೀವು ಹಾಗೆ ಮಾಡಬೇಡಿ. ನೋಟ್ ಪುಸ್ತಕದ ಮೊದಲ ಪುಟದಲ್ಲೇ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಬರೆಯಿರಿ. ಇದು ಈ ಕಾರಿನ ಜೊತೆಗೇ ಬಂದ ಗೇರ್ ಬಾಕ್ಸ್ ಹೌದೇ? ಅಲ್ಲದಿದ್ದರೆ, ಈ ಕಾರು ರೇಸ್ ಓಡುತ್ತಿದ್ದ ಕಾಲದಲ್ಲೇ ಕೂರಿಸಿದ್ದೇ? ಅದೂ ಅಲ್ಲದಿದ್ದರೆ, ಅದೇ ಮಾದರಿಯದ್ದನ್ನು ಆಮೇಲೆ ಯಾರೋ ತಂದು ಹಾಕಿದ್ದೇ? ಮೂರಕ್ಕೂ ಬೆಲೆ ಇದೆ, ಆದರೆ ಮೂರೂ ಒಂದೇ ಅಲ್ಲ.

ಇದು ಯಾಕೆ ಮುಖ್ಯ ಅನ್ನುವುದಕ್ಕೆ ದೊಡ್ಡ ಕಾರುಗಳ ಉದಾಹರಣೆಯನ್ನೇ ನೋಡಿ. ಲೋಟಸ್ 49 ಅನ್ನುವ ಫಾರ್ಮುಲಾ ಒನ್ ಕಾರು 1967ರಲ್ಲಿ ಟ್ರ್ಯಾಕಿಗೆ ಇಳಿದಾಗ ಅದರಲ್ಲಿದ್ದದ್ದು ಜರ್ಮನಿಯ ಝಡ್‌ಎಫ್ ಗೇರ್ ಬಾಕ್ಸ್. ಟ್ರ್ಯಾಕಿಗೆ ತಕ್ಕ ಹಾಗೆ ಅದರ ಅನುಪಾತ (ಒಳಗೆ ಎಷ್ಟು ಸುತ್ತು ಬಂದರೆ ಹೊರಗೆ ಒಂದು ಸುತ್ತು ಅನ್ನುವ ಲೆಕ್ಕ) ಬದಲಾಯಿಸುವುದು ಸುಲಭವಿರಲಿಲ್ಲ. ಮುಂದೆ ಅದೇ ಮಾದರಿಗೆ ಇಂಗ್ಲೆಂಡಿನ ಹ್ಯೂಲ್ಯಾಂಡ್ ಕಂಪನಿಯ ಗೇರ್ ಬಾಕ್ಸ್ ಬಂತು. ಫೋರ್ಡ್ ಜಿಟಿ40 ಕಥೆಯೂ ಇಂಥದ್ದೇ. 1964ರ ಕಾರುಗಳಲ್ಲಿ ಇಟಲಿಯ ಕೊಲೊಟ್ಟಿ ಕಂಪನಿಯ ನಾಲ್ಕು ಗೇರಿನ ಡಬ್ಬ. ಮರುವರ್ಷದಿಂದ ಝಡ್‌ಎಫ್‌ನ ಐದು ಗೇರಿನದು. ದೊಡ್ಡ ಎಂಜಿನ್ ಕೂರಿಸಿದ ಮಾರ್ಕ್ 2 ಕಾರಿಗೆ ಫೋರ್ಡಿನವರದೇ ನಾಲ್ಕು ಗೇರಿನ ಇನ್ನೊಂದು ಡಬ್ಬ. ಅಂದಮೇಲೆ ‘ಜಿಟಿ40ಗೆ ಯಾವುದು ಒರಿಜಿನಲ್’ ಅಂತ ಕೇಳುವುದರಲ್ಲಿ ಅರ್ಥವಿಲ್ಲ. ಯಾವ ಷಾಸಿ, ಯಾವ ವರ್ಷ, ಯಾವ ರೇಸ್ ಅಂತ ಕೇಳಬೇಕು.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ತೆಗೆದುಬಿಡೋಣ. ರೇಸ್ ಕಾರಿನಲ್ಲಿ ಸಾಮಾನ್ಯ ಕಾರಿನ ಕೇಸ್ ಕಂಡರೆ ‘ಇದು ಯಾವುದೋ ಜೋಡಿಸಿದ ಮಾಲು’ ಅಂತ ಬದಿಗೆ ಇಡುವವರಿದ್ದಾರೆ. 1959ರಲ್ಲಿ ಜಾಕ್ ಬ್ರಾಭಮ್ ವಿಶ್ವ ಚಾಂಪಿಯನ್ ಆದ ಕೂಪರ್ ಕಾರಿನ ಗೇರ್ ಬಾಕ್ಸಿಗೆ ಮೂಲ, ಸಿಟ್ರೊಯೆನ್ ಟ್ರಾಕ್ಷನ್ ಅವಾಂತ್ ಅನ್ನುವ ಸಂಸಾರದ ಕಾರಿನದು. ಮೈಕ್ ಹ್ಯೂಲ್ಯಾಂಡ್ ಇಂಗ್ಲೆಂಡಿನ ಮೇಡನ್‌ಹೆಡ್‌ನಲ್ಲಿ 1957ರಲ್ಲಿ ಕೆಲಸ ಶುರು ಮಾಡಿ, ಮುಂದೆ ಸಣ್ಣ ಫಾರ್ಮುಲಾ ಕಾರುಗಳಿಗೆ ಗೇರ್ ಬಾಕ್ಸ್ ಕಟ್ಟಿದಾಗ ಬಳಸಿದ್ದು ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಕೇಸ್. ಬೀಟಲ್‌ನಲ್ಲಿ ಎಂಜಿನ್ ಹಿಂದೆ ನೇತಾಡುತ್ತದೆ, ರೇಸ್ ಕಾರಿನಲ್ಲಿ ಡ್ರೈವರ್ ಬೆನ್ನ ಹಿಂದೆ, ಗೇರ್ ಬಾಕ್ಸಿಗಿಂತ ಮುಂದೆ ಇರುತ್ತದೆ. ಡಬ್ಬವನ್ನು ಸುಮ್ನೆ ಹಿಂದುಮುಂದು ತಿರುಗಿಸಿ ಕೂರಿಸಿದರೆ ಕಾರು ನಾಲ್ಕು ಗೇರಿನಲ್ಲಿ ಹಿಂದಕ್ಕೆ, ಒಂದರಲ್ಲಿ ಮುಂದಕ್ಕೆ ಓಡುತ್ತದೆ. ಅದಕ್ಕೆ ಕೇಸನ್ನು ತಲೆಕೆಳಗು ಮಾಡಿ ಕೂರಿಸಿದರು. ಆದ್ದರಿಂದ ಗುಜರಿಯಲ್ಲಿ ಬೀಟಲ್ ಕೇಸ್ ಕಂಡರೆ ಯಾವ ಮಗ್ಗುಲು ಮೇಲಿತ್ತು, ಹಿಂಬದಿಯ ಮುಚ್ಚಳ ಯಾರದ್ದು ಅಂತ ನೋಡದೆ ಮುಂದೆ ಹೋಗಬೇಡಿ.

ಎಲ್ಲಿ ಹುಡುಕಬೇಕು, ಹೇಗೆ ಕೇಳಬೇಕು

ಗುಜರಿ ಅಂಗಡಿ ಗೊತ್ತಿರುವ ಜಾಗವೇ. ಚೆನ್ನೈನ ಪುದುಪೇಟೆ, ಬೆಂಗಳೂರಿನ ಜೆಸಿ ರಸ್ತೆ, ಶಿವಾಜಿನಗರ ಇವನ್ನೆಲ್ಲ ಹೇಳಿಕೊಡಬೇಕಾಗಿಲ್ಲ. ಆದರೆ ಅಂಗಡಿಗೆ ಬಂದ ಮಾಲು ತನ್ನ ಕಾರಿನಿಂದ ಬೇರೆಯಾಗಿಯೇ ಬಂದಿರುತ್ತದೆ. ಯಾವ ಕಾರಿನದು ಅನ್ನುವ ಅರ್ಧ ಚರಿತ್ರೆ ಅಲ್ಲಿಗೇ ಹೋಯಿತು. ಅದಕ್ಕೇ ನಾನು ಹಳೇ ಗ್ಯಾರೇಜುಗಳ ಅಟ್ಟ, ತೋಟದ ಮನೆಯ ಷೆಡ್, ಮುಚ್ಚಿಹೋದ ಲೇತ್ ಅಂಗಡಿ ಇವನ್ನು ಮೊದಲು ನೋಡಿ ಅನ್ನುತ್ತೇನೆ. ಅಲ್ಲಿ ಗೇರ್ ಬಾಕ್ಸ್ ಜೊತೆ ಅದರ ಲಿವರ್, ಮೌಂಟಿಂಗ್, ಅರ್ಧ ಡಬ್ಬಿ ಬಿಡಿ ಗೇರು, ಎಣ್ಣೆ ಮೆತ್ತಿದ ಬಿಲ್ ಸಿಗಬಹುದು. ಬಿಡಿ ಗೇರಿನ ಆ ಡಬ್ಬಿಯನ್ನು ಮಾತ್ರ ಬಿಟ್ಟು ಬರಬೇಡಿ. ಬೇರೆ ಬೇರೆ ಟ್ರ್ಯಾಕಿಗೆ ಬದಲಾಯಿಸುತ್ತಿದ್ದ ಗೇರುಗಳು ಅವೇ ಆಗಿರಬಹುದು.

ಹಳೇ ಮೇಸ್ತ್ರಿಗಳ ಜೊತೆ ಮಾತಾಡುವಾಗ ಅವರ ಭಾಷೆಯಲ್ಲೇ ಮಾತಾಡಿ. ನಮ್ಮ ಕಡೆಯ ಮೇಸ್ತ್ರಿ ಒಂದೇ ಮಾತಿನಲ್ಲಿ ಕನ್ನಡದಿಂದ ತೆಲುಗಿಗೆ, ತೆಲುಗಿನಿಂದ ತಮಿಳಿಗೆ ಹೋಗಿ ಬರುತ್ತಾರೆ. ಹಾಗೇ ಹೋಗಲಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅದಕ್ಕೆ ಮೊದಲು ಅವರನ್ನು ಕೇಳಿ ಒಪ್ಪಿಗೆ ತೆಗೆದುಕೊಳ್ಳಿ. ‘ಅಣ್ಣಾ, ಇದು ಒರಿಜಿನಲ್ಲಾ?’ ಅಂತ ಕೇಳಿದರೆ ‘ಹೂಂ ಸಾರ್, ಪಕ್ಕಾ ಒರಿಜಿನಲ್’ ಅನ್ನುತ್ತಾರೆ. ಮನೆಗೆ ಬಂದವರಿಗೆ ಬೇಜಾರಾಗಬಾರದು ಅಂತ ಹೇಳುವ ಮಾತು ಅದು. ಹಾಗೆ ಕೇಳುವ ಬದಲು, ‘ನೀವು ಇದನ್ನ ಮೊದಲು ಬಿಚ್ಚಿದಾಗ ಯಾವ ಗಾಡೀಲಿತ್ತು? ಏನು ಮುರಿದಿತ್ತು? ಆ ಗೇರು ಯಾರು ಕಡಿದುಕೊಟ್ರು?’ ಅಂತ ಕೇಳಿ. ಕೆಲಸದ ಬಗ್ಗೆ ಕೇಳಿದರೆ ಮೇಸ್ತ್ರಿಗೆ ನೆನಪು ತಾನಾಗೇ ಬರುತ್ತದೆ. ಯಾವ ಬೋಲ್ಟ್ ತಿರುಗಲಿಲ್ಲ ಅನ್ನುವುದೂ ಅವರಿಗೆ ನೆನಪಿರುತ್ತದೆ.

ಒರೆಸುವ ಮೊದಲು ಫೋಟೊ

ಇದೊಂದನ್ನು ದಯವಿಟ್ಟು ಪಾಲಿಸಿ. ಗೇರ್ ಬಾಕ್ಸ್ ಸಿಕ್ಕ ಕೂಡಲೇ ಸೀಮೆಎಣ್ಣೆ, ವೈರ್ ಬ್ರಷ್ ಹಿಡಿದು ತಿಕ್ಕಲು ಹೋಗಬೇಡಿ. ಸ್ಯಾಂಡ್ ಬ್ಲಾಸ್ಟಿಂಗಿಗಂತೂ ಕೊಡಲೇಬೇಡಿ. ಕೇಸಿನ ಮೇಲಿನ ಬಣ್ಣದ ಚೂರು, ಸೀಮೆಸುಣ್ಣದಲ್ಲಿ ಬರೆದ ಅಂಕಿ, ಬೋಲ್ಟ್ ತಲೆಗೆ ಕಟ್ಟಿದ ತಂತಿ, ಯಾವ ಮುಚ್ಚಳಕ್ಕೆ ಯಾವ ಗ್ಯಾಸ್ಕೆಟ್ ಅಂಟು ಬಳಸಿದ್ದಾರೆ ಅನ್ನುವುದು, ಇವೆಲ್ಲ ಸಾಕ್ಷಿ. ಒಮ್ಮೆ ತಿಕ್ಕಿದರೆ ವಾಪಸ್ ಬರುವುದಿಲ್ಲ.

ಕಾರಿನಲ್ಲಿ ಇದ್ದ ಹಾಗೇ ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಪಕ್ಕದಲ್ಲಿ ಒಂದು ಸ್ಟೀಲ್ ಸ್ಕೇಲ್ ಇಡಿ. ನಂಬರ್ ಇರುವ ಜಾಗಕ್ಕೆ ನೇರವಾಗಿ ಫ್ಲ್ಯಾಶ್ ಹೊಡೆದರೆ ಅಂಕಿ ಮಾಯವಾಗುತ್ತದೆ. ಟಾರ್ಚನ್ನು ಪಕ್ಕದಿಂದ, ಕೇಸಿಗೆ ತಾಗುವ ಹಾಗೆ ಓರೆಯಾಗಿ ಹಿಡಿದು, ನಾಲ್ಕೂ ಕಡೆಯಿಂದ ಒಂದೊಂದು ಫೋಟೊ ತೆಗೆಯಿರಿ. ಸವೆದುಹೋದ ಅಂಕಿಯ ನೆರಳು ಒಂದಲ್ಲ ಒಂದರಲ್ಲಿ ಕಾಣುತ್ತದೆ. ಜೊತೆಗೆ ತೆಳು ಕಾಗದ ಇಟ್ಟು ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಎರಡೂ ಇರಲಿ.

ಈಗ ಜೀವಕ್ಕೆ ಸಂಬಂಧಿಸಿದ ಮಾತು. ರೇಸ್ ಗೇರ್ ಬಾಕ್ಸಿನ ಕೇಸ್ ಅಲ್ಯೂಮಿನಿಯಂ ಆಗಿರಬಹುದು, ಮೆಗ್ನೀಸಿಯಂ ಆಗಿರಬಹುದು. ಕಣ್ಣಿಗೆ ಎರಡೂ ಒಂದೇ ತರ. ಮೆಗ್ನೀಸಿಯಂ ತೂಕ ಸುಮಾರು ಮೂರನೇ ಒಂದು ಭಾಗ ಕಡಿಮೆ. ಖಚಿತ ಮಾಡಿಕೊಳ್ಳಬೇಕಾದರೆ ಮರೆಯಲ್ಲಿರುವ ಒಂದು ಕಡೆ ಬಣ್ಣವಿಲ್ಲದ ಲೋಹದ ಮೇಲೆ ಒಂದು ಹನಿ ಬಿಳಿ ವಿನಿಗರ್ ಬಿಡಿ. ಮೆಗ್ನೀಸಿಯಂ ಆದರೆ ಕೂಡಲೇ ಗುಳ್ಳೆ ಏಳುತ್ತದೆ, ಅಲ್ಯೂಮಿನಿಯಂ ಸುಮ್ಮನಿರುತ್ತದೆ. ನೋಡಿದ ಮೇಲೆ ಚೆನ್ನಾಗಿ ಒರೆಸಿಬಿಡಿ. ಮೆಗ್ನೀಸಿಯಂ ಅಂತ ಗೊತ್ತಾದರೆ ಗ್ರೈಂಡರ್ ಮುಟ್ಟಿಸಬೇಡಿ. ಅದರ ಪುಡಿ ಹೊತ್ತಿಕೊಂಡರೆ ನೀರು ಹಾಕುವ ಹಾಗಿಲ್ಲ, ಹಾಕಿದರೆ ಬೆಂಕಿ ಇನ್ನೂ ಜೋರಾಗುತ್ತದೆ. ಒಣ ಮರಳು ಪಕ್ಕದಲ್ಲಿರಲಿ. ವೆಲ್ಡಿಂಗ್ ಬೇಕಾದರೆ ಮೆಗ್ನೀಸಿಯಂ ಗೊತ್ತಿರುವವರ ಹತ್ತಿರ ಮಾತ್ರ ಮಾಡಿಸಿ. ಚೆನ್ನೈ ಕಡೆ, ಸಮುದ್ರದ ಗಾಳಿಯಲ್ಲಿ ವರ್ಷಗಟ್ಟಲೆ ನಿಂತ ಕಾರಿನ ಮೆಗ್ನೀಸಿಯಂ ಕೇಸ್ ಬಿಳಿ ಪುಡಿ ಬಿಟ್ಟು ಒಳಗೊಳಗೇ ತಿಂದುಹೋಗಿರುತ್ತದೆ. ಎತ್ತುವಾಗ ಬೋಲ್ಟ್ ಕೂರುವ ಕಿವಿ ಮುರಿದು ಕೈಗೆ ಬರಬಹುದು, ಅಡಿಗೆ ಹಲಗೆ ಕೊಟ್ಟು ಎತ್ತಿ.

ಕ್ಲಚ್ ಪ್ಲೇಟಿನ ಹಳೇ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದರ ಧೂಳು ಉಸಿರಿನಲ್ಲಿ ಒಳಗೆ ಹೋದರೆ ಶ್ವಾಸಕೋಶಕ್ಕೆ ಅಪಾಯ. 1930ರ ದಶಕದ ಎಂಜಿ ಕೆ3, ಇಆರ್‌ಎ ತರದ ಕಾರುಗಳಲ್ಲಿದ್ದ ವಿಲ್ಸನ್ ಪ್ರೀಸೆಲೆಕ್ಟರ್ (ಗೇರನ್ನು ಮೊದಲೇ ಆರಿಸಿಟ್ಟು ಆಮೇಲೆ ಪೆಡಲ್ ಒತ್ತಿ ಹಾಕುವ) ಗೇರ್ ಬಾಕ್ಸಿನ ಒಳಗೂ ಬ್ರೇಕ್ ಪಟ್ಟಿಗಳಿರುತ್ತವೆ, ಅಲ್ಲೂ ಅದೇ ಭಯ. ಏರ್ ಹೊಡೆದು ಊದಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ.

ಹೊರಗಿನ ಗುರುತು ಓದುವುದು

ಉಬ್ಬಿಕೊಂಡಿರುವ ಅಂಕಿ ಬೇರೆ, ಒಳಕ್ಕೆ ಪಂಚ್ ಮಾಡಿದ ಅಂಕಿ ಬೇರೆ. ಉಬ್ಬು ಅಂಕಿ ಎರಕದ ಅಚ್ಚಿನದು. ಅದೇ ಅಚ್ಚಿನಲ್ಲಿ ಎರೆದ ಎಲ್ಲ ಕೇಸಿನ ಮೇಲೂ ಅದೇ ಇರುತ್ತದೆ. ಅದರಿಂದ ಮಾದರಿ ಗೊತ್ತಾಗುತ್ತದೆ, ಈ ಡಬ್ಬ ಯಾವುದು ಅಂತ ಗೊತ್ತಾಗುವುದಿಲ್ಲ. ಪಂಚ್ ಮಾಡಿದ ಸೀರಿಯಲ್ ನಂಬರೇ ಈ ಒಂದು ಡಬ್ಬದ ಗುರುತು. ಕೆಲವು ಎರಕಗಳಲ್ಲಿ ಗಡಿಯಾರದ ಮುಖದ ಹಾಗೆ ಒಂದು ವೃತ್ತ, ಸುತ್ತ ಚುಕ್ಕಿ ಅಥವಾ ಅಂಕಿ ಇರುತ್ತದೆ. ಅದು ಎರೆದ ತಿಂಗಳು, ವರ್ಷ ಹೇಳುವ ಗುರುತು. ಎರೆದ ದಿನ ಕಾರು ತಯಾರಾದ ದಿನಕ್ಕಿಂತ ಮುಂಚೆಯೇ ಇರಬೇಕು, ಅಲ್ವಾ? 1971ರ ಕಾರಿನಲ್ಲಿ 1974ರ ಎರಕ ಕಂಡರೆ ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು.

ಪಂಚ್ ಮಾಡಿದ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಅಂಕಿಯ ಸುತ್ತಲಿನ ಲೋಹ ನೋಡಿ. ಉಳಿದ ಕೇಸ್ ಒರಟಾಗಿದ್ದು, ನಂಬರಿನ ಅಡಿ ಮಾತ್ರ ಫೈಲ್ ಹೊಡೆದ ಹಾಗೆ ನುಣುಪಾಗಿದ್ದರೆ ಅನುಮಾನ ಪಡಬೇಕು. ಅಂಕಿಯ ತಳದಲ್ಲಿ ಹಳೇ ಎಣ್ಣೆಯ ಕಪ್ಪು ಕೂತಿದೆಯೇ, ಇಲ್ಲ ಹೊಸ ಲೋಹ ಹೊಳೆಯುತ್ತಿದೆಯೇ ನೋಡಿ. ಹ್ಯೂಲ್ಯಾಂಡ್ ಕಂಪನಿ ಇವತ್ತಿಗೂ ಕೆಲಸ ಮಾಡುತ್ತಿದೆ, ಹಳೇ ಮಾದರಿಯ ಭಾಗಗಳು ಇಂದಿಗೂ ಹೊಸದಾಗಿ ಬರುತ್ತವೆ. ಹೊಸ ಕೇಸ್ ಹಾಕುವುದು ತಪ್ಪಲ್ಲ. ಅದರ ಮೇಲೆ ಹಳೇ ನಂಬರ್ ಹೊಡೆದು ಮಾರುವುದು ಮೋಸ.

ನಟ್ ಬೋಲ್ಟಿನ ಥ್ರೆಡ್ ಕೂಡ ಊರು ಹೇಳುತ್ತದೆ. ಯುದ್ಧಕ್ಕೆ ಮುಂಚಿನ ಇಂಗ್ಲಿಷ್ ಕಾರಿನಲ್ಲಿ ಬಿಎಸ್‌ಎಫ್, ವಿಟ್‌ವರ್ತ್ ಅನ್ನುವ ಇಂಚಿನ ಥ್ರೆಡ್ ಹೆಚ್ಚು. ಆಮೇಲಿನವಕ್ಕೆ ಇಂಚಿನದೇ ಇನ್ನೊಂದು ಬಗೆ, ಯುಎನ್‌ಎಫ್. ಇಟಲಿ, ಜರ್ಮನಿಯವು ಮೆಟ್ರಿಕ್. ಇದರಲ್ಲಿ ಒಂದು ಸೊಗಸಾದ ಅಪವಾದವಿದೆ. ಎಂಜಿ ಟಿಸಿ ಕಾರಿನ ಎಂಜಿನ್ ಕಡೆ ಬೋಲ್ಟುಗಳ ಥ್ರೆಡ್ ಮೆಟ್ರಿಕ್, ತಲೆ ಮಾತ್ರ ವಿಟ್‌ವರ್ತ್ ಸ್ಪ್ಯಾನರ್ ಹಿಡಿಯುವಂಥದ್ದು. ಥ್ರೆಡ್ ಗೇಜ್ ಇಟ್ಟು ನೋಡದೆ ಬರೀ ಸ್ಪ್ಯಾನರ್ ಕೂತಿತು ಅಂತ ಬರೆದುಕೊಂಡರೆ ದಾಖಲೆ ತಪ್ಪಾಗುತ್ತದೆ.

ಬಿಚ್ಚದೆ ಲೆಕ್ಕ ಹಾಕುವುದು

ಮಾಲೀಕರು ಬಿಚ್ಚಲು ಒಪ್ಪದಿರಬಹುದು. ಆಗಲೂ ಅನುಪಾತ ತಿಳಿಯಬಹುದು. ಗೇರ್ ಬಾಕ್ಸ್ ಹಿಡಿದುಕೊಂಡಿದ್ದರೆ ಬಲವಂತ ಮಾಡಬೇಡಿ, ಸಲೀಸಾಗಿ ತಿರುಗುತ್ತಿದ್ದರೆ ಮಾತ್ರ ಮುಂದುವರಿಯಿರಿ. ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿಡಿ, ಎಂಜಿನ್ ಕೈಯಲ್ಲಿ ತಿರುಗುವಂತಿರಬೇಕು. ಹಿಂದಿನ ಒಂದು ಚಕ್ರ ನೆಲದ ಮೇಲೇ ಇರಲಿ, ಅದಕ್ಕೆ ಕಲ್ಲು ಕೊಡಿ. ಇನ್ನೊಂದನ್ನು ಜಾಕಿ ಕೊಟ್ಟು ಎತ್ತಿ, ಅಡಿಗೆ ಸ್ಟ್ಯಾಂಡ್ ಇಡಿ. ಟೈರಿಗೂ ಕ್ರ್ಯಾಂಕ್ ಪುಲ್ಲಿಗೂ ಸೀಮೆಸುಣ್ಣದ ಗೆರೆ ಎಳೆಯಿರಿ. ಗೇರ್ ಹಾಕಿ. ಒಬ್ಬರು ಎತ್ತಿದ ಚಕ್ರ ತಿರುಗಿಸಲಿ, ಇನ್ನೊಬ್ಬರು ಪುಲ್ಲಿ ಎಷ್ಟು ಸುತ್ತು ತಿರುಗಿತು ಅಂತ ಎಣಿಸಲಿ.

ಸಾಧಾರಣ ಡಿಫರೆನ್ಷಿಯಲ್ (ಎರಡು ಚಕ್ರಕ್ಕೂ ಓಟ ಹಂಚುವ ಗೇರಿನ ಜೋಡಣೆ) ಆದರೆ, ಒಂದು ಚಕ್ರ ನಿಂತಾಗ ಇನ್ನೊಂದು ಎರಡರಷ್ಟು ತಿರುಗುತ್ತದೆ. ಆದ್ದರಿಂದ ಚಕ್ರವನ್ನು 20 ಸುತ್ತು ತಿರುಗಿಸಿದರೆ ಡಿಫರೆನ್ಷಿಯಲ್ಲಿನ ದೊಡ್ಡ ಗೇರಾದ ಕ್ರೌನ್ ವೀಲ್ 10 ಸುತ್ತು ತಿರುಗಿದ ಲೆಕ್ಕ. ಆಗ ಎಂಜಿನ್ 41 ಸುತ್ತು ತಿರುಗಿದ್ದರೆ ಆ ಗೇರಿನ ಒಟ್ಟು ಅನುಪಾತ 4.1. ಎಂಜಿನ್ ಮುಂದಿರುವ ಸಾಮಾನ್ಯ ಕಾರಿನಲ್ಲಿ ಟಾಪ್ ಗೇರ್ ನೇರ (ಅಂದರೆ ಅನುಪಾತ 1) ಆಗಿದ್ದರೆ, ಟಾಪ್‌ನಲ್ಲಿ ಸಿಕ್ಕಿದ್ದು ಡಿಫರೆನ್ಷಿಯಲ್ಲಿನ ಅನುಪಾತವೇ. ಉಳಿದ ಗೇರಿನ ಲೆಕ್ಕವನ್ನು ಅದರಿಂದ ಭಾಗಿಸಿದರೆ ಒಂದೊಂದು ಗೇರಿನದೂ ಸಿಗುತ್ತದೆ. ಹ್ಯೂಲ್ಯಾಂಡ್ ತರದ ಎರಡು ಶಾಫ್ಟಿನ ಡಬ್ಬದಲ್ಲಿ ನೇರ ಗೇರ್ ಇರುವುದಿಲ್ಲ, ಅಲ್ಲಿ ಒಟ್ಟು ಅನುಪಾತ ಮಾತ್ರ ಬರೆದಿಡಿ. ಎತ್ತಿದ ಚಕ್ರ ಅಲ್ಲಾಡುವುದೇ ಇಲ್ಲ ಅಂದರೆ ಡಿಫರೆನ್ಷಿಯಲ್ ಲಿಮಿಟೆಡ್ ಸ್ಲಿಪ್ (ಒಂದು ಚಕ್ರ ಮಾತ್ರ ಸುಲಭವಾಗಿ ತಿರುಗದಂತೆ ಬಿಗಿಹಿಡಿಯುವಂಥದ್ದು) ಇರಬಹುದು, ಇಲ್ಲವೇ ಯಾರೋ ವೆಲ್ಡ್ ಮಾಡಿ ಕಟ್ಟಿರಬಹುದು. ಆಗ ಎರಡೂ ಚಕ್ರ ಎತ್ತಿ, ಒಟ್ಟಿಗೆ 10 ಸುತ್ತು ತಿರುಗಿಸಿ.

ಬಿಚ್ಚಿದಾಗ ಏನೇನು ನೋಡಬೇಕು

ಮೊದಲು ಎಣ್ಣೆ. ಪೂರ್ತಿ ಚೆಲ್ಲಬೇಡಿ, ಒಂದು ಗಾಜಿನ ಸೀಸೆಯಲ್ಲಿ ಸ್ವಲ್ಪ ಹಿಡಿದಿಟ್ಟು ದಿನಾಂಕ ಬರೆಯಿರಿ. ತಳದಲ್ಲಿ ಹಿತ್ತಾಳೆ ಬಣ್ಣದ ಪುಡಿ ಕೂತರೆ ಸಿಂಕ್ರೋ ರಿಂಗ್ (ಗೇರ್ ಹಾಕುವಾಗ ಎರಡು ಭಾಗದ ವೇಗ ಸಮ ಮಾಡುವ ಬಳೆ) ಅಥವಾ ಕಂಚಿನ ಬುಷ್ ಸವೆದಿದೆ. ಉಕ್ಕಿನ ಚಿಲ್ಲು ಸಿಕ್ಕರೆ ಯಾವುದೋ ಹಲ್ಲಿನ ತುದಿ ಹಾರಿದೆ. ಮತ್ತೆ ಎಣ್ಣೆ ತುಂಬುವಾಗ ಒಂದು ಎಚ್ಚರಿಕೆ. ಹಿತ್ತಾಳೆ, ಕಂಚಿನ ಭಾಗ ಇರುವ ಹಳೇ ಡಬ್ಬಕ್ಕೆ ಅಂಗಡಿಯವರು ಕೊಟ್ಟ ಜಿಎಲ್-5 ಎಣ್ಣೆ ಸುಮ್ನೆ ಸುರಿಯಬೇಡಿ. ಅದರಲ್ಲಿರುವ ಗಂಧಕದ ಅಂಶ ಆ ಲೋಹವನ್ನು ತಿನ್ನಬಹುದು. ತಯಾರಕರು ಹೇಳಿದ್ದನ್ನೇ ಹಾಕಿ.

ಆಮೇಲೆ ಹಲ್ಲು. ಓರೆ ಹಲ್ಲಿನ ಗೇರ್ ಸದ್ದಿಲ್ಲದೆ ಓಡುತ್ತದೆ, ಬೀದಿ ಕಾರುಗಳಿಗೆ ಅದೇ. ನೇರ ಹಲ್ಲಿನದು ಕಿರುಚುತ್ತದೆ, ಆದರೆ ಶಾಫ್ಟನ್ನು ಅದರ ಉದ್ದಕ್ಕೆ ಹಿಂದೆ ಮುಂದೆ ತಳ್ಳುವುದಿಲ್ಲ. ರೇಸಿನವರಿಗೆ ಅದು ಇಷ್ಟ. ಹಿತ್ತಾಳೆ ಸಿಂಕ್ರೋ ರಿಂಗ್ ಬದಲು ಮುಖದಲ್ಲಿ ನಾಲ್ಕಾರು ದಪ್ಪ ಗಟ್ಟಿ ಹಲ್ಲಿರುವ ಡಾಗ್ ರಿಂಗ್ ಕಂಡರೆ ರೇಸಿಗೇ ಮಾಡಿದ ಒಳಭಾಗ ಅದು. ಆ ಡಾಗ್‌ಗಳ ಮೂಲೆ ದುಂಡಾಗಿದ್ದರೆ ಗೇರ್ ಹಾಕಿದ್ದು ನಿಲ್ಲದೆ ಹಾರುತ್ತಿತ್ತು ಅಂತ ಅರ್ಥ. ಅದನ್ನೂ ಬರೆಯಿರಿ.

ಹಲ್ಲು ಎಣಿಸುವಾಗ ಒಂದು ಹಲ್ಲಿಗೆ ಮಾರ್ಕರ್ ಗುರುತು ಹಾಕಿ, ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಎಣಿಸಿ. ಇನ್ನೊಬ್ಬರ ಹತ್ತಿರವೂ ಎಣಿಸಿ ತಾಳೆ ನೋಡಿ. ಹ್ಯೂಲ್ಯಾಂಡ್ ಗೇರುಗಳ ಮೇಲೆ ಜೋಡಿಯ ಹಲ್ಲಿನ ಎಣಿಕೆಯನ್ನೇ ಕೆತ್ತಿರುತ್ತಾರೆ. 17:33 ಅಂತಿದ್ದರೆ 33ನ್ನು 17ರಿಂದ ಭಾಗಿಸಿ, 1.94. ಕ್ರೌನ್ ಪಿನಿಯನ್ 10:31 ಆದರೆ 3.1. ಎರಡನ್ನೂ ಗುಣಿಸಿದರೆ ಸುಮಾರು 6.02. ಚಕ್ರದ ಸುತ್ತಳತೆ 1.8 ಮೀಟರ್ ಇದ್ದು, ಎಂಜಿನ್ ನಿಮಿಷಕ್ಕೆ 6500 ಸುತ್ತು ತಿರುಗಿದರೆ ಆ ಗೇರಿನಲ್ಲಿ ವೇಗ ಗಂಟೆಗೆ ಹತ್ತಿರ ಹತ್ತಿರ 117 ಕಿಲೋಮೀಟರ್. ಎಲ್ಲ ಗೇರಿಗೂ ಹೀಗೆ ಲೆಕ್ಕ ಹಾಕಿದರೆ ಆ ಡಬ್ಬವನ್ನು ಕೊನೆಗೆ ಜೋಡಿಸಿದವರು ಉದ್ದನೆಯ ನೇರ ದಾರಿಗೆ ಜೋಡಿಸಿದ್ದರೋ, ತಿರುವು ಜಾಸ್ತಿ ಇರುವ ಸಣ್ಣ ಟ್ರ್ಯಾಕಿಗೋ ಅನ್ನುವುದು ಕಾಣಲು ಶುರುವಾಗುತ್ತದೆ. ನನಗೆ ಈ ಕೆಲಸದಲ್ಲಿ ತುಂಬಾ ಖುಷಿ ಕೊಡುವ ಘಟ್ಟ ಇದೇ. ಎಷ್ಟೋ ವರ್ಷದ ಹಿಂದಿನ ಒಬ್ಬ ಮೇಸ್ತ್ರಿಯ ಯೋಚನೆ ಬರೀ ಹಲ್ಲಿನ ಲೆಕ್ಕದಲ್ಲಿ ಸಿಗುತ್ತದೆ.

ಕೌಂಟರ್ ಶಾಫ್ಟ್ (ನಡುವೆ ಓಟ ದಾಟಿಸುವ ಪಕ್ಕದ ಶಾಫ್ಟ್) ಇರುವ ಸಾಮಾನ್ಯ ಗೇರ್ ಬಾಕ್ಸಿನಲ್ಲಿ ಎರಡು ಜೋಡಿ ಲೆಕ್ಕ ಹಿಡಿಯಬೇಕು. ಇನ್‌ಪುಟ್ ಗೇರಿನಲ್ಲಿ 18 ಹಲ್ಲು, ಅದಕ್ಕೆ ಕೂಡುವ ಕೌಂಟರ್ ಗೇರಿನಲ್ಲಿ 32, ಮುಂದಿನ ಜೋಡಿಯಲ್ಲಿ ಕೌಂಟರ್ 22, ಮೇನ್ ಶಾಫ್ಟ್ 27 ಅಂದುಕೊಳ್ಳಿ. 32ನ್ನು 18ರಿಂದ ಭಾಗಿಸಿ, 27ನ್ನು 22ರಿಂದ ಭಾಗಿಸಿ, ಎರಡನ್ನೂ ಗುಣಿಸಿ. 2.18 ಬರುತ್ತದೆ.

ಹೊರಗೆ ಯಾವ ನಂಬರ್ ಹೊಡೆದರೂ ಎರಡು ಶಾಫ್ಟಿನ ನಡುವಿನ ಅಂತರವನ್ನು ಬದಲಾಯಿಸುವುದು ಕಷ್ಟ. ಅದು ಕೇಸಿನಲ್ಲೇ ಕೊರೆದದ್ದು. ಅದನ್ನು ಚೆನ್ನಾಗಿ ಅಳೆಯಿರಿ. ಆಗ ಹಲ್ಲು ಇಂಚಿನ ಲೆಕ್ಕದ್ದೋ, ಮೆಟ್ರಿಕ್ ಲೆಕ್ಕದ್ದೋ ಅಂತಲೂ ಗೊತ್ತಾಗುತ್ತದೆ. ನೇರ ಹಲ್ಲಿನ ಒಂದು ಜೋಡಿಯಲ್ಲಿ ಒಟ್ಟು 48 ಹಲ್ಲು, ಅಂತರ 76.2 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಅಂತರವನ್ನು ದುಪ್ಪಟ್ಟು ಮಾಡಿ 48ರಿಂದ ಭಾಗಿಸಿದರೆ ಮಾಡ್ಯೂಲ್ (ಒಂದು ಹಲ್ಲಿಗೆ ಎಷ್ಟು ಮಿಲಿಮೀಟರ್ ವ್ಯಾಸ ಅನ್ನುವ ಅಳತೆ) 3.175. ವಿಚಿತ್ರ ಅಂಕಿ. ಈಗ 25.4ನ್ನು ಅದರಿಂದ ಭಾಗಿಸಿ. ಸರಿಯಾಗಿ 8 ಬರುತ್ತದೆ. ಅಂದರೆ ಇದು 8 ಡಿಪಿ (ಒಂದು ಇಂಚು ವ್ಯಾಸಕ್ಕೆ 8 ಹಲ್ಲು), ಇಂಗ್ಲೆಂಡ್ ಅಥವಾ ಅಮೆರಿಕದ ಇಂಚಿನ ಲೆಕ್ಕದಲ್ಲಿ ಹುಟ್ಟಿದ ಗೇರು. ಮಾಡ್ಯೂಲ್ 2.5, 3 ಅಂತ ದುಂಡಾಗಿ ಬಂದರೆ ಮೆಟ್ರಿಕ್. ಓರೆ ಹಲ್ಲಿಗೆ, ತಿದ್ದಿದ ಹಲ್ಲಿಗೆ ಈ ಲೆಕ್ಕ ಹೀಗೇ ಕೂರುವುದಿಲ್ಲ. ಅಂಥವನ್ನು ಹೊಸೂರಿನಲ್ಲೇ ಗೇರ್ ಅಳೆಯುವ ಯಂತ್ರ ಇರುವವರ ಹತ್ತಿರ ಒಯ್ಯಿರಿ.

ಬೇರಿಂಗ್ ತೆಗೆದರೆ ಅದರ ಅಂಚಿನ ಬರಹ ಪೂರ್ತಿ ಬರೆದುಕೊಳ್ಳಿ. 6205 ಅಂತಿದ್ದರೆ ಒಳ ವ್ಯಾಸ 25, ಹೊರ ವ್ಯಾಸ 52, ಅಗಲ 15 ಮಿಲಿಮೀಟರ್ ಅಂತ ಎಲ್ಲ ಮೇಸ್ತ್ರಿಗಳಿಗೂ ಗೊತ್ತು. ಆದರೆ ಕಂಪನಿ ಹೆಸರು ಅದಕ್ಕಿಂತ ಮುಖ್ಯ. ಇಂಗ್ಲೆಂಡಿನ ಗೇರ್ ಬಾಕ್ಸಿನೊಳಗೆ ಜೈಪುರದ ಎನ್‌ಬಿಸಿ ಬೇರಿಂಗ್ ಕೂತಿದೆ ಅಂದರೆ ಇದನ್ನು ನಮ್ಮ ದೇಶದಲ್ಲಿ ಒಮ್ಮೆಯಾದರೂ ಬಿಚ್ಚಿದ್ದಾರೆ ಅಂತಲೇ ಅರ್ಥ. ಶಿಮ್‌ಗಳನ್ನು (ಸಂದು ಹೊಂದಿಸಲು ಇಡುವ ತೆಳು ಬಿಲ್ಲೆಗಳು) ಒಂದೊಂದಾಗಿ ಮೈಕ್ರೋಮೀಟರಿನಲ್ಲಿ ಅಳೆದು, ಯಾವ ಕಡೆಯದು ಅಂತ ಚೀಟಿ ಕಟ್ಟಿ ಬೇರೆ ಬೇರೆ ಕವರಿನಲ್ಲಿಡಿ. ಕ್ರೌನ್ ಪಿನಿಯನ್ ಜೋಡಿಯ ಮೇಲೆ ಒಂದೇ ನಂಬರ್ ಇದೆಯೇ ನೋಡಿ. ಅವನ್ನು ಜೋಡಿಯಾಗಿ ಉಜ್ಜಿ ಹೊಂದಿಸಿರುತ್ತಾರೆ, ನಂಬರ್ ಬೇರೆಯಾದರೆ ಜೋಡಿ ಒಡೆದಿದೆ.

ನಮ್ಮವರು ಮಾಡಿದ ರಿಪೇರಿಯನ್ನು ಬಿಸಾಡಬೇಡಿ

ನಮ್ಮಲ್ಲಿ ರೇಸ್ ಓಡಿದ ಕಾರುಗಳಲ್ಲಿ ಫಿಯೆಟ್ 1100, ಸ್ಟ್ಯಾಂಡರ್ಡ್ ಹೆರಾಲ್ಡ್ ಇಂಥವೂ ಇದ್ದವು. ಫಿಯೆಟ್‌ಗೆ ಗೇರ್ ಲಿವರ್ ಸ್ಟಿಯರಿಂಗ್ ಪಕ್ಕದಲ್ಲಿ, ಒಂದನೇ ಗೇರಿಗೆ ಸಿಂಕ್ರೋ ಇಲ್ಲ. ಅಂಥ ಕಾರಿನಲ್ಲಿ ಲಿವರನ್ನು ನೆಲಕ್ಕೆ ಇಳಿಸಿದ್ದರೆ, ಮುಚ್ಚಳವನ್ನು ಕೈಯಲ್ಲೇ ಎರೆದು ಮಾಡಿದ್ದರೆ, ಒಳಗೆ ಹತ್ತಿರ ಹತ್ತಿರದ ಅನುಪಾತದ ಗೇರುಗಳನ್ನು ಇಲ್ಲೇ ಕಡಿದು ಹಾಕಿದ್ದರೆ ಅದು ಕಾರ್ಖಾನೆಯ ಒರಿಜಿನಲ್ ಅಲ್ಲ, ನಿಜ. ಆದರೆ ಆ ಕಾರು ರೇಸಿನಲ್ಲಿ ಓಡಿದ್ದೇ ಆ ಡಬ್ಬದಿಂದ. ನನ್ನ ಪ್ರಕಾರ ಅದೇ ಆ ಕಾರಿನ ನಿಜವಾದ ಗೇರ್ ಬಾಕ್ಸ್. ಅದನ್ನು ಕಿತ್ತು ಗುಜರಿಗೆ ಹಾಕಿ, ಎಲ್ಲಿಂದಲೋ ಬೀದಿ ಕಾರಿನ ಡಬ್ಬ ತಂದು ‘ಒರಿಜಿನಲ್ ಮಾಡಿದೆವು’ ಅನ್ನುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಹೊರದೇಶದ ಭಾಗ ತರಿಸುವುದು ದುಬಾರಿಯೂ ಕಷ್ಟವೂ ಆಗಿದ್ದ ಕಾಲದಲ್ಲಿ ಕೊಯಮತ್ತೂರಿನ, ಮದ್ರಾಸಿನ, ಬೆಂಗಳೂರಿನ ಲೇತ್ ಕೆಲಸದವರು ಮುರಿದ ಗೇರನ್ನು ನೋಡಿ ಅದರ ಹಾಗೇ ಕಡಿದುಕೊಟ್ಟರು. ಅವರ ಹೆಸರು ಬಹುಪಾಲು ಎಲ್ಲೂ ಇಲ್ಲ. ಗೇರಿನ ಮೇಲೆ ಕೈಯಲ್ಲಿ ಕೊರೆದ ಎರಡಕ್ಷರ ಕಂಡರೆ ಅದನ್ನು ಸೀರಿಯಲ್ ನಂಬರಿನಷ್ಟೇ ಜೋಪಾನವಾಗಿ ಬರೆದಿಡಿ.

ಕಾಗದದ ಸಾಕ್ಷಿ

ಬೀದಿ ಕಾರಿನಿಂದ ರೇಸಿಗೆ ಬಂದ ಮಾದರಿಗಳಿಗೆ ಎಫ್‌ಐಎ (ವಿಶ್ವದ ಮೋಟಾರು ರೇಸ್ ನಿಯಂತ್ರಿಸುವ ಸಂಸ್ಥೆ) ಹೋಮೋಲೊಗೇಷನ್ ಫಾರಂಗಳಿವೆ, ಅಂದರೆ ಆ ಮಾದರಿಯನ್ನು ರೇಸಿಗೆ ಒಪ್ಪಿದ ದಾಖಲೆಗಳು. ಅವುಗಳಲ್ಲಿ ಗೇರುಗಳ ಹಲ್ಲಿನ ಎಣಿಕೆ, ಅನುಪಾತ, ಬದಲಿಗೆ ಹಾಕಬಹುದಾದ ಗೇರುಗಳೂ ಇರುತ್ತವೆ. ಎಫ್‌ಐಎಯ ಹಳೇ ಕಾರುಗಳ ದಾಖಲೆಯಲ್ಲಿ ಹುಡುಕಿ, ನಿಮ್ಮ ಎಣಿಕೆಯ ಪಕ್ಕದಲ್ಲಿಟ್ಟು ನೋಡಿ. ಒಂಟಿ ಸೀಟಿನ ಫಾರ್ಮುಲಾ ಕಾರುಗಳಿಗೆ ಈ ಫಾರಂ ಇರುವುದಿಲ್ಲ. ಅವಕ್ಕೆ ತಯಾರಕರ ಪುಸ್ತಕ, ಹಳೇ ಫೋಟೊಗಳೇ ಆಧಾರ. ಫೋಟೊದಲ್ಲಿ ಹಿಂಬದಿಯ ಮುಚ್ಚಳದ ಬೋಲ್ಟುಗಳನ್ನು ಎಣಿಸಿದರೂ ಮಾದರಿ ಗೊತ್ತಾಗಬಹುದು. ಶೋಳಾವರಂ ರೇಸಿನ ಸುದ್ದಿ, ಚಿತ್ರ ಬೇಕಾದರೆ ಚೆನ್ನೈ ಎಗ್ಮೋರಿನ ಕನ್ನೆಮಾರ ಲೈಬ್ರರಿಯಲ್ಲಿ ಹಳೇ ಪತ್ರಿಕೆಗಳನ್ನು ಕೇಳಿ ನೋಡಿ. ಮನೆಗಳಲ್ಲಿರುವ ಕಪ್ಪುಬಿಳುಪು ಆಲ್ಬಂಗಳೂ ಕೈಬಿಡುವಂಥವಲ್ಲ.

ಕಾರು 50 ವರ್ಷ ದಾಟಿದ್ದರೆ 2021ರ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ವಿಂಟೇಜ್ ಅಂತ ನೋಂದಾಯಿಸಬಹುದು, ನಂಬರಿನಲ್ಲಿ ‘ವಿಎ’ ಅಂತ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಮೂಲ ರೂಪದಲ್ಲಿರಬೇಕು, ಷಾಸಿ, ಬಾಡಿ, ಎಂಜಿನ್‌ಗೆ ದೊಡ್ಡ ಬದಲಾವಣೆ ಆಗಿರಬಾರದು ಅನ್ನುವ ಷರತ್ತಿದೆ. ಅರ್ಜಿ ಹಾಕುವವರಿಗೆ ನೀವು ಮಾಡಿದ ಫೈಲ್ ಕೈಯಲ್ಲಿದ್ದರೆ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಸುಲಭ. ಹೊರದೇಶದಲ್ಲಿ ಹಳೇ ಕಾರುಗಳ ರೇಸಿಗೆ ಹೋಗುವವರಿಗೆ ಬೇಕಾಗುವ ಎಫ್‌ಐಎ ತಾಂತ್ರಿಕ ಪಾಸ್‌ಪೋರ್ಟ್‌ನಲ್ಲೂ ಗೇರ್ ಬಾಕ್ಸ್ ವಿವರ ಕೇಳುತ್ತಾರೆ.

ಫೈಲ್ ಬರೆಯುವ ಬಗೆ

ಪ್ರತಿ ಪುಟವನ್ನು ಮೂರು ಸಾಲಾಗಿ ಭಾಗ ಮಾಡಿ: ಕಂಡದ್ದು, ಕೇಳಿದ್ದು, ಊಹೆ. ‘ಕೇಸಿನ ಎಡಬದಿಯಲ್ಲಿ ಪಂಚ್ ಮಾಡಿದ ನಂಬರ್, ಫೋಟೊ 14’ ಅನ್ನುವುದು ಕಂಡದ್ದು. ‘ಈ ಡಬ್ಬ ಶೋಳಾವರಂನಲ್ಲಿ ಓಡಿತ್ತು ಅಂತ ಮೇಸ್ತ್ರಿ ಹೇಳಿದರು’ ಅನ್ನುವುದು ಕೇಳಿದ್ದು, ಯಾವ ದಿನ ಹೇಳಿದರು ಅಂತಲೂ ಇರಲಿ. ‘ಮೂರನೇ ಗೇರ್ ಇಲ್ಲೇ ಕಡಿದದ್ದಿರಬೇಕು’ ಅನ್ನುವುದು ಊಹೆ, ಯಾಕೆ ಹಾಗನ್ನಿಸಿತು ಅಂತ ಪಕ್ಕದಲ್ಲೇ ಬರೆಯಿರಿ. ಮುಂದೆ ಇನ್ನೊಂದು ಸಾಕ್ಷಿ ಸಿಕ್ಕಾಗ ಊಹೆಯನ್ನು ಅಳಿಸಬೇಡಿ, ಗೆರೆ ಎಳೆದು ಕೆಳಗೆ ಹೊಸದನ್ನು ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಭಾಗಗಳ ಹೆಸರು ಗ್ಯಾರೇಜಿನಲ್ಲಿ ಹೇಗೆ ಹೇಳುತ್ತಾರೋ ಹಾಗೇ ಇರಲಿ. ಹೊರಗಿನವರಿಗೆ ಕೊಡುವಾಗ ಬೇಕಾದರೆ ಇಂಗ್ಲಿಷಿನ ಪ್ರತಿ ಮಾಡಿಕೊಳ್ಳಬಹುದು.

ಫೋಟೊಗಳನ್ನು ಎಲ್ಲರಿಗೂ ಹಂಚುವಾಗ ಸೀರಿಯಲ್ ನಂಬರಿನ ಕೊನೆಯ ಎರಡು ಅಂಕಿಯನ್ನು ಮುಚ್ಚಿ. ಪೂರ್ತಿ ನಂಬರ್ ಕಂಡರೆ ಅದನ್ನೇ ಇನ್ನೊಂದು ಕೇಸಿನ ಮೇಲೆ ಹೊಡೆಯುವವರಿದ್ದಾರೆ. ಮುಚ್ಚದ ಫೋಟೊಗಳ ಒಂದು ಪ್ರತಿ ಮಾಲೀಕರ ಹತ್ತಿರ, ಇನ್ನೊಂದು ನಿಮ್ಮ ಹತ್ತಿರ, ಬೇರೆ ಊರಿನಲ್ಲಿರುವ ನಂಬಿಕಸ್ತರ ಹತ್ತಿರ ಮತ್ತೊಂದು ಇರಲಿ.

ಮತ್ತೆ ಜೋಡಿಸುವಾಗ ಯಾವ ಭಾಗ ಬದಲಾಯಿಸಿದಿರಿ, ಯಾವುದನ್ನು ಹಾಗೇ ಬಿಟ್ಟಿರಿ, ಯಾವ ಎಣ್ಣೆ ಎಷ್ಟು ಹಾಕಿದಿರಿ ಅಂತ ಒಂದು ಅಲ್ಯೂಮಿನಿಯಂ ತಗಡಿನ ಮೇಲೆ ಪಂಚ್ ಮಾಡಿ, ಕೇಸಿಗೆ ತೂತು ಕೊರೆಯದೆ, ಮೌಂಟಿಂಗ್ ಬೋಲ್ಟಿಗೆ ತಂತಿಯಲ್ಲಿ ಕಟ್ಟಿ. ತೆಗೆದ ಹಳೇ ಬೇರಿಂಗ್, ಸವೆದ ಗೇರುಗಳಿಗೆ ಎಣ್ಣೆ ಹಚ್ಚಿ, ಕಾಗದದಲ್ಲಿ ಸುತ್ತಿ, ಕಾರಿನ ನಂಬರ್ ಬರೆದ ಪೆಟ್ಟಿಗೆಯಲ್ಲಿ ಕಾರಿನ ಜೊತೆಗೇ ಇಡಿಸಿ.